ಬಾಗಿಲಿಗೆ ಅಡ್ಡ ಮಲಗಿದವರು

ಟಪಾಲು ಶಾಖೆಯಲ್ಲಿದ್ದ ಅವರು ತೀರಿಕೊಂಡ ಸುದ್ದಿಯನ್ನು ನಮ್ಮ ನಿವೃತ್ತರ ವಾಟ್ಸಾಪ್ ಬಳಗಕ್ಕೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ತಿಳಿಸಿದೆ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಅಷ್ಟಕ್ಕೇ ಸಮಾಧಾನವಾಗದ ಕೆಲವರು ಫೋನ್ ಮಾಡಿದರು. ಮಾಡಿದವರೆಲ್ಲ ಗೌರವಪೂರ್ವಕವಾಗಿ ಗಂಟಲು ಸರಿಮಾಡಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಬೆನ್ನೇನಾ?"

ಬೆನ್ನಲ್ಲ, ಹೃದಯ ಎಂದಾಗ ಅವರಿಗೆಲ್ಲ ಕೊಂಚ ನಿರಾಶೆಯಾದಂತೆ ಕಂಡಿತು. ಆ ಬೆನ್ನಿಗೆ ನಮ್ಮ ಕಚೇರಿಯಲ್ಲಿ ಅಂಥ ಸ್ಥಾನಮಾನವಿತ್ತು. ಸಾಹೇಬರು ಬಂದರು, ಹೋದರು. ಇಲಾಖೆಯ ಹೆಸರೇ ಬದಲಾಯಿತು. ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದವು. ಬೆನ್ನುನೋವು ಮಾತ್ರ ಯಾವ ವರ್ಗಾವಣೆಗೂ ಜಗ್ಗದೆ ಟಪಾಲು ಶಾಖೆಯಲ್ಲಿ ಸೇವೆ ಸಲ್ಲಿಸುತ್ತಲೇ ಇತ್ತು. ಸಿಬ್ಬಂದಿ ಶಾಖೆಯಲ್ಲಿದ್ದ ನನಗೆ ಅದರ ಸೇವಾ ಹಿರಿತನದ ಬಗ್ಗೆ ಯಾವ ಸಂಶಯವೂ ಇರಲಿಲ್ಲ.

ಟಪಾಲು ಶಾಖೆಯೆಂದರೆ ಬಾಗಿಲ ಪಕ್ಕದ ಮೊದಲ ಕೋಣೆ. ಬಂದ ಕಾಗದಗಳನ್ನು ಒಡೆದು, ಮುದ್ರೆ ಒತ್ತಿ, ಯಾವುದು ಯಾರ ಮೇಜಿಗೆ ಎಂದು ವಿಂಗಡಿಸುವ ಜಾಗ. ಅವರು ಆ ಕೆಲಸವನ್ನು ಕುಳಿತು ಮಾಡಿದ್ದನ್ನು ನಾನು ಕಂಡಿಲ್ಲ. ನಮ್ಮದು ಹಳೆಯ ಕಾಲದ ಕಟ್ಟಡ, ಕೋಣೆಯ ನಡುವೆ ಒಂದು ಕಂಬ. ಅದಕ್ಕೆ ಬೆನ್ನು ಒತ್ತಿ ನಿಂತು, ಕಾಗದಗಳನ್ನು ಇಸ್ಪೀಟು ಹಂಚಿದಂತೆ ಎದುರಿನ ಮೇಜಿಗೆ ಹಂಚುತ್ತಿದ್ದರು. ನೀಳವಾದ, ತೆಳ್ಳಗಿನ ಆಳು. ಸದಾ ಬಿಳಿಯ ಅರ್ಧ ತೋಳಿನ ಅಂಗಿ. ಅದರ ಬೆನ್ನಿನ ಭಾಗ ಮಾತ್ರ ಯಾವ ಸೋಪಿಗೂ ಬಗ್ಗದ ತಿಳಿ ಹಳದಿ, ಏಕೆಂದರೆ ಅಂಗಿಯ ಒಳಗೆ ಸದಾ ಒಂದಲ್ಲ ಒಂದು ತೈಲ. ಕಾಲಕ್ರಮೇಣ ತೈಲ ಕಂಬಕ್ಕೂ ಇಳಿಯಿತು. ಆಳೆತ್ತರದ ಕಪ್ಪು ಕಲೆ. ಕಟ್ಟಡ ನೋಡಲು ಬಂದ ಇಂಜಿನಿಯರೊಬ್ಬರು ಅದನ್ನು ಬೆರಳಿನಿಂದ ಮುಟ್ಟಿ, ಮೂಸಿ, ತಾರಸಿಯಿಂದ ನೀರು ಸೋರುತ್ತಿದೆ ಎಂದು ಬರೆದುಕೊಂಡು ಹೋದರು.

"ಹೇಗಿದ್ದೀರಿ?" ಎಂದು ಕೇಳಿದರೆ ಅವರ ಉತ್ತರ ನಿಗದಿಯಾದದ್ದು. "ಅದು ಚೆನ್ನಾಗಿದೆ. ನಾನು ಸುಮಾರು." ನೋವನ್ನು ಅವರು ಎಂದೂ ನೋವು ಎನ್ನುತ್ತಿರಲಿಲ್ಲ. 'ಅದು' ಎನ್ನುತ್ತಿದ್ದರು, ಮಹಡಿಯ ಮೇಲಿನ ಬಾಡಿಗೆದಾರರ ಬಗ್ಗೆ ಮಾತಾಡುವ ಹಾಗೆ. "ಬಾಡಿಗೆಯನ್ನೂ ಕೊಡಲ್ಲ, ಖಾಲಿಯನ್ನೂ ಮಾಡಲ್ಲ ಸ್ವಾಮಿ. ಕೋರ್ಟಿಗೆ ಹೋಗೋಣ ಅಂದ್ರೆ ಕರಾರುಪತ್ರ ಇಲ್ಲ."

ಮೂಲ ಕಾರಣದ ಬಗ್ಗೆ ಅವರದೇ ಒಂದು ಐತಿಹಾಸಿಕ ಸಿದ್ಧಾಂತವಿತ್ತು. "ನಮ್ಮಜ್ಜ ಅರಮನೆ ಊಳಿಗದಲ್ಲಿದ್ದೋರು. ಆಯುಷ್ಯವೆಲ್ಲಾ ಬಗ್ಗಿ ಬಗ್ಗಿ ನಮ್ಮ ವಂಶಕ್ಕಿದ್ದ ಬೆನ್ನನ್ನೆಲ್ಲಾ ಅವರೊಬ್ಬರೇ ಖರ್ಚು ಮಾಡಿಬಿಟ್ಟರು."

ಕಚೇರಿಯೆಂದ ಮೇಲೆ ವೈದ್ಯರಿಗೆ ಬರವೇ? ಬೆರಳಚ್ಚಿನ ನಾಗರತ್ನಮ್ಮನವರು ಹುರಳಿ ಶಾಖ ಹೇಳಿದರು. ಖಜಾನೆಯಿಂದ ಬಂದವರೊಬ್ಬರು ಬರಿಗಾಲಲ್ಲಿ ಬೆಟ್ಟ ಹತ್ತಲು ಹೇಳಿದರು, ಇನ್ನೊಬ್ಬರು ಬೆಟ್ಟದ ಕಡೆ ತಲೆ ಹಾಕಿ ಮಲಗಬಾರದು ಎಂದರು. ಲೆಕ್ಕ ಶಾಖೆಯ ಬಸವರಾಜು ಇವರೆಲ್ಲರನ್ನೂ ಕೈಬೀಸಿ ತಳ್ಳಿಹಾಕಿದ. ಬಸವರಾಜು ವರುಣದ ಕಡೆಯ ಹಳ್ಳಿಯ ಒಕ್ಕಲು ಮನೆಯವನು, ವಿದ್ಯಾರಣ್ಯಪುರದಲ್ಲಿ ವಾಸ, ದನಿ ಇಡೀ ಕಚೇರಿಗೆ ಕೇಳುವಂಥದ್ದು.

"ಅಯ್ಯೋ ಬುಡಿ ಸಾ, ಉಳ್ಳಿಕಾಳ್ನಲ್ಲಿ ಬೆನ್ನು ಸರಿಯಾಯ್ತದಾ? ನಮ್ಮ ಗರಡಿ ಉಸ್ತಾದ್ರ ತಾವ ಕರ್ಕೊಂಡೋಯ್ತೀನಿ. ಒಂದ್ ಸತಿ ಎತ್ತಿ ಕೊಡವ್ಬುಟ್ರೆ ಮುಗೀತು."

ಕರೆದುಕೊಂಡು ಹೋದ. ಪ್ರೇಕ್ಷಕನಾಗಿ ನಾನೂ ಹೋದೆ. ಉಸ್ತಾದರು ಅವರನ್ನು ಕೆಮ್ಮಣ್ಣಿನ ಮೇಲೆ ಬೋರಲು ಹಾಕಿ, ಮೊಣಕೈಯಿಂದ ಉದ್ದಕ್ಕೂ ಅಡ್ಡಕ್ಕೂ ಉತ್ತು, ಕೊನೆಗೆ ಹಣೆ ಒರೆಸಿಕೊಂಡು ತೀರ್ಪು ಕೊಟ್ಟರು: "ವಾಯು. ಬಟಾಣಿ ಬಿಡಬೇಕು."

ಅವರು ಬಟಾಣಿ ಬಿಟ್ಟರು. ಸ್ವಲ್ಪ ಕಾಲವಾದ ಮೇಲೆ ಬಸವರಾಜು ಆಸೆಯಿಂದ ವಿಚಾರಿಸಿದ. "ಬಟಾಣೀನ ನಾನು ಬಿಟ್ಟೆನಪ್ಪ. ನನ್ನನ್ನ ಅದು ಬಿಡಲಿಲ್ಲ" ಎಂದರು.

ಇಷ್ಟೆಲ್ಲ ವೈದ್ಯ ಮಾಡಿದ ನಾವು ಯಾರೂ ಕೇಳದಿದ್ದ ಪ್ರಶ್ನೆಯೊಂದಿತ್ತು, ಅವರಿಗೆ ನಿದ್ದೆ ಬರುತ್ತದೆಯೇ ಎಂದು. ಕೇಳಬೇಕೆಂದೇ ತೋರಲಿಲ್ಲ. ಅವರ ಕಣ್ಣು ಕೆಂಪಗಿರುತ್ತಿದ್ದುದನ್ನು ಎಲ್ಲರೂ ನೋಡಿದ್ದೆವು. ಹೊಸದಾಗಿ ಬಂದ ಸಾಹೇಬರೊಬ್ಬರು ಅವರನ್ನು ಚೇಂಬರಿಗೆ ಕರೆಸಿ, ಮುಖದ ಹತ್ತಿರ ಮುಖ ತಂದು ಗಾಳಿ ಎಳೆದುಕೊಂಡು ಪರೀಕ್ಷೆಯನ್ನೂ ಮಾಡಿದ್ದರು. ಮಹಾನಾರಾಯಣ ತೈಲದ ವಾಸನೆಗೆ ಸಾಹೇಬರಿಗೇ ಕಣ್ಣಲ್ಲಿ ನೀರು ಬಂತೆಂದು ಪ್ರತೀತಿ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಾತ್ರ ಅವರು ಕಂಬಕ್ಕೆ ಒರಗಿಯೇ ಕಣ್ಣು ಮುಚ್ಚುತ್ತಿದ್ದರು. ಉಸಿರು ಏರಿಳಿಯುವ ಹದ, ಬಿಗಿಯಿಲ್ಲದ ರೆಪ್ಪೆ, ತುಸು ತೆರೆದ ತುಟಿ. ನೋಡಿದರೆ ಗಾಢ ನಿದ್ದೆ. ಒಮ್ಮೆ ನಾಗರತ್ನಮ್ಮನವರು, "ಶ್, ಸಾರ್ ನಿದ್ದೆ ಮಾಡ್ತಿದ್ದಾರೆ ಕಣ್ರೀ" ಎಂದು ಪಿಸುಗುಟ್ಟಿದರು.

ಕಣ್ಣು ತೆರೆಯದೆಯೇ ಅವರು ಹೇಳಿದರು: "ಇಲ್ಲಮ್ಮ. ಅಭ್ಯಾಸ ಮಾಡ್ತಿದ್ದೀನಿ."

ನಾವು ನಕ್ಕೆವು. ಅವರ ಮಾತಿಗೆಲ್ಲ ನಗುವುದು ನಮಗೆ ರೂಢಿಯಾಗಿತ್ತು.

ಇನ್ನೊಂದು ವಿಷಯಕ್ಕೂ ನಗುತ್ತಿದ್ದೆವು. ಕಚೇರಿ ಬಿಟ್ಟ ಮರುಕ್ಷಣ ಅವರು ಇರುತ್ತಿರಲಿಲ್ಲ. ಮದುವೆಯಾದವರಲ್ಲ, ಮನೆಯಲ್ಲಿ ಅಕ್ಕ ಒಬ್ಬರು ಎಂದಷ್ಟೇ ಗೊತ್ತು. ಆದರೂ ಸಂಜೆಯ ಆರತಕ್ಷತೆಗೆ ಬರುವುದಿಲ್ಲ, ದಸರೆಯ ದೀಪ ನೋಡಲು ಬರುವುದಿಲ್ಲ, ಮೇಲಧಿಕಾರಿಯ ಬೀಳ್ಕೊಡುಗೆಗೂ ನಿಲ್ಲುವುದಿಲ್ಲ. ಜುಗ್ಗ ಎಂದರು ಕೆಲವರು. ಬಸವರಾಜು ಮಾತ್ರ, "ಬೆನ್ನಿಗೇ ತಾಳಿ ಕಟ್ಬುಟ್ಟವ್ರೆ ಸಾ. ಒತ್ತಾಗೋಕೆ ಮುಂಚೆ ಮನೆ ಸೇರ್ಬೇಕು ಅವ್ರು" ಎನ್ನುತ್ತಿದ್ದ.

ಅವರ ನಿವೃತ್ತಿಯ ದಿನ ಬಂತು. ಶಾಲು, ಪೇಟ, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ. ಇದು ನಮ್ಮ ಕಚೇರಿಯ ಅಲಿಖಿತ ಶಾಸನ. ಬಸವರಾಜು ಬಂಡೆದ್ದ. "ಗಡಿಯಾರ ತಕ್ಕೊಂಡು ಏನ್ ಮಾಡಾರು ಸಾ? ಮಂಚ ಕೊಡ್ಸವಾ. ಒಳ್ಳೆ ಹತ್ತಿ ಹಾಸಿಗೆ ಸಮೇತ." ಎಲ್ಲರಿಗೂ ಇದು ಮಹತ್ತಾದ ವಿಚಾರವೆಂದು ಅನ್ನಿಸಿತು. ಬೀಟೆ ಮರದ್ದಲ್ಲದಿದ್ದರೂ ಬೀಟೆಯ ಬಣ್ಣ ಬಳಿದ ಗಟ್ಟಿ ಮಂಚ ಬಂತು. ಅದನ್ನು ಸಭೆಯ ನಡುವೆ ಇಟ್ಟು, ಅವರನ್ನು ಅದರ ಮೇಲೆ ಕೂರಿಸಿ, ಪೇಟ ತೊಡಿಸಿ, ಹಾರ ಹಾಕಿದೆವು. ಆಮೇಲೆ ಎಲ್ಲರಿಗೂ ಏನೋ ಇರುಸುಮುರುಸು ಶುರುವಾಯಿತು. ಮಂಚದ ಮೇಲೆ ಹಾರ ಹಾಕಿಸಿಕೊಂಡು ಒಬ್ಬರೇ ಕುಳಿತವರನ್ನು ನೋಡಿ ಏನೆಂದುಕೊಳ್ಳುವುದು?

ನಾಗರತ್ನಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಶೋಭನದ ಹಾಗಿದೆ ಕಣ್ರೀ" ಎಂದರು. ಅವರು ಮಂಚದಿಂದಲೇ ಉತ್ತರಿಸಿದರು: "ಇನ್ನೊಂದರ ಹಾಗೂ ಇದೆ. ಯಾವುದಕ್ಕೂ ನಾಲ್ಕು ಜನ ಬೇಕು ಹೊರೋಕೆ."

ಹೊತ್ತವರು ನಾನು ಮತ್ತು ಬಸವರಾಜು, ಜೊತೆಗೆ ಗೂಡ್ಸ್ ಆಟೋದ ಚಾಲಕ. ಚಾಮರಾಜಪುರಂನಲ್ಲಿ ರೈಲು ನಿಲ್ದಾಣದ ಹಿಂದಿನ ಸಂದಿನಲ್ಲಿ, ಒಂದು ವಠಾರದ ಕೊನೆಯ ಮನೆ. ಅಷ್ಟು ವರ್ಷಗಳಲ್ಲಿ ನಾವು ಯಾರೂ ಆ ಮನೆಗೆ ಹೋದವರಲ್ಲ. ಅವರು ದಾರಿಯುದ್ದಕ್ಕೂ, "ಇಲ್ಲೇ ಇಳಿಸಿಬಿಡಿ, ನಾನು ತಗೊಂಡು ಹೋಗ್ತೀನಿ" ಎನ್ನುತ್ತಿದ್ದರು. ಮಂಚವನ್ನು ಒಬ್ಬರೇ ಹೇಗೆ ತೆಗೆದುಕೊಂಡು ಹೋಗುತ್ತಾರೆಂದು ನಮಗೆ ಹೊಳೆಯಲಿಲ್ಲ.

ಬಾಗಿಲಲ್ಲಿ ಅವರ ಅಕ್ಕ ನಿಂತಿದ್ದರು. ಎಪ್ಪತ್ತರ ಆಸುಪಾಸು. ಇಸ್ತ್ರಿ ಮಾಡಿದ ಸೀರೆ, ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಹೂವು, ಕೈಯಲ್ಲಿ ಬಟ್ಟೆಯ ಚೀಲ. ಎಲ್ಲಿಗೋ ಹೊರಟವರಂತೆ ಕಂಡರು.

"ಯಾರಪ್ಪ ನೀವು?"

"ಆಫೀಸಿನೋರು ಕಣವ್ವ" ಎಂದ ಬಸವರಾಜು.

"ನಂಜನಗೂಡಿನ ಗಾಡಿ ಬಂತಾ?"

ಬಸವರಾಜು ಸಜ್ಜನ. ಹಿರಿಯರು ಕೇಳಿದ್ದಕ್ಕೆ ಇಲ್ಲವೆನ್ನದವನು. "ಇನ್ನೂ ಇಲ್ಲ ಕಣವ್ವ, ಈಗ ಬಂದ್ಬುಡ್ತದೆ" ಎಂದುಬಿಟ್ಟ.

ಆಕೆ ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದರು. ನಮ್ಮ ಟಪಾಲಿನವರು, ಕಂಬ ಬಿಟ್ಟು ಎರಡು ಹೆಜ್ಜೆ ನಡೆಯಲು ನರಳುತ್ತಿದ್ದವರು, ಆಟೋದಿಂದ ಜಿಗಿದು ಹೋಗಿ ಎದುರಿಗೆ ನಿಂತರು. ದನಿ ಮಾತ್ರ ತಣ್ಣಗಿತ್ತು. "ಅಕ್ಕ, ಗಾಡಿ ಇವತ್ತು ತಡವಂತೆ. ಮನೆಗೆ ಬಂದೋರಿಗೆ ಕಾಫಿ ಕೊಡದೆ ಹೋಗ್ತೀಯಾ?"

ಆಕೆಗೆ ನಾಚಿಕೆಯಾಯಿತು. "ಅಯ್ಯೋ, ಬನ್ನಿಪ್ಪ, ಬನ್ನಿ" ಎಂದು ಒಳಗೆ ಹೋದರು. ಆ ಕಾಫಿ ಬಹಳ ಚೆನ್ನಾಗಿತ್ತು.

ಮಂಚ ಎಲ್ಲಿ ಹಾಕುವುದೆಂಬ ಪ್ರಶ್ನೆ ಎದ್ದಿತು. ಒಂದು ಕೋಣೆ, ಅಲ್ಲಿ ಅಕ್ಕನ ಹಾಸಿಗೆ. ಒಂದು ಅಡುಗೆಮನೆ. ಉಳಿದದ್ದು ಮುಂಬಾಗಿಲಿಂದ ಕೋಣೆಯವರೆಗಿನ ಕಿರಿದಾದ ನಡೆ. "ನೀವು ಮಲ್ಗೋದು ಎಲ್ಲಿ ಸಾ?" ಎಂದು ಬಸವರಾಜು ಕೇಳಿದ. ಅವರು ಆ ನಡೆಯ ಗೋಡೆಗೆ ಒರಗಿಸಿದ್ದ ಸುರುಳಿ ಚಾಪೆಯನ್ನು ತೋರಿಸಿದರು. ಕೆಳಗೆ ಬರಿಯ ರೆಡ್ಡಾಕ್ಸೈಡ್ ನೆಲ. ಬೇಸಿಗೆಯ ಆ ಸಂಜೆಯಲ್ಲೂ ಅಂಗಾಲಿಗೆ ತಣ್ಣಗೆ ಕೊರೆಯುತ್ತಿತ್ತು.

ಮಂಚ ಅಕ್ಕನ ಕೋಣೆಗೆ ಹೋಯಿತು, ಅಕ್ಕನಿಗೇ. ನಮ್ಮನ್ನು ಸಂದಿನ ತುದಿಯವರೆಗೆ ಬೀಳ್ಕೊಡಲು ಬಂದಾಗ ಅವರು ವಿಷಯ ಹೇಳಿದರು. ಹೇಳಿದ ರೀತಿಯೂ ಟಪಾಲು ಶಾಖೆಯದೇ, ಯಾವುದು ಎಲ್ಲಿಗೆ ಸೇರಬೇಕೋ ಅಲ್ಲಿಗೆ.

ಭಾವ, ಅಂದರೆ ಅಕ್ಕನ ಗಂಡ, ಮದುವೆಯಾದ ಹೊಸದರಲ್ಲಿ ಜಮೀನಿನ ಏನೋ ಕೆಲಸವೆಂದು ಬೆಳಗಿನ ರೈಲಿಗೆ ನಂಜನಗೂಡಿಗೆ ಹೋದವರು. ಸಂಜೆಯ ಗಾಡಿಗೆ ಬರುತ್ತೇನೆಂದಿದ್ದರು. ನಂಜನಗೂಡಿನಲ್ಲಿ ಇಳಿದದ್ದನ್ನು ಕಂಡವರಿದ್ದರು. ಅಲ್ಲಿಂದಾಚೆ ಕಂಡವರಿಲ್ಲ. ಹೆಣವಿಲ್ಲ, ಸುದ್ದಿಯಿಲ್ಲ. ಅಕ್ಕ ಅಳಲೂ ಇಲ್ಲ, ಕುಂಕುಮ ತೆಗೆಯಲೂ ಇಲ್ಲ. ಶಿಶುವಿಹಾರದಲ್ಲಿ ಟೀಚರಾಗಿ ಸೇರಿಕೊಂಡು, ತಮ್ಮನನ್ನು ಓದಿಸಿ, ಕೆಲಸಕ್ಕೆ ಸೇರುವವರೆಗೆ ಸಾಕಿದರು. ಅಷ್ಟು ವರ್ಷ ಭಾವನ ಹೆಸರೇ ಎತ್ತಿರಲಿಲ್ಲವಂತೆ. ಆಮೇಲೆ, ವಯಸ್ಸಾಗುತ್ತ ನೆನಪು ಒಂದೊಂದೇ ಉದುರತೊಡಗಿತು. ಎಲ್ಲ ಉದುರಿದ ಮೇಲೆ ಉಳಿದದ್ದು ಸಂಜೆಯ ಗಾಡಿ. ಹೊತ್ತು ಗೊತ್ತಿಲ್ಲದೆ ಎದ್ದು, ಸೀರೆ ಉಟ್ಟು ಹೊರಡುವುದು. ಒಮ್ಮೆ ಹಳಿಯ ಪಕ್ಕದ ಜಲ್ಲಿಕಲ್ಲಿನ ಮೇಲೆ ಬಿದ್ದಿದ್ದರು. ಹಗಲು ವಠಾರದವರ ಕಣ್ಣಿರುತ್ತಿತ್ತು, ಸಂಜೆಯಿಂದ ಕಾವಲು ಇವರದೇ.

"ಬಾಗಿಲಿಗೆ ಬೀಗ ಹಾಕಬಾರದಾ ಸಾ?" ಎಂದ ಬಸವರಾಜು. ದನಿ ಅವನದೆಂದು ನಂಬಲಾಗದಷ್ಟು ಸಣ್ಣಗಿತ್ತು.

"ಹಾಕಿ ನೋಡಿದೆ. ಬಡಿದು ಬಡಿದು ಕೈ ಬಾತುಕೊಂಡಿತು. 'ನನ್ನನ್ನ ಕೂಡಿಹಾಕಿದ್ದೀಯೇನೋ' ಅಂದಳು. ಆಮೇಲೆ ಬೀಗ ಹಾಕೋಕೆ ಕೈ ಬರಲಿಲ್ಲ." ಅವರೇ ಮುಂದುವರಿಸಿದರು. "ಮಲಗಿರೋರನ್ನ ದಾಟಬಾರದು ಅಂತ ನಮ್ಮಲ್ಲಿ ಹೇಳ್ತಾರಲ್ಲ? ಶಿಶುವಿಹಾರದಲ್ಲಿ ಮಧ್ಯಾಹ್ನ ಮಕ್ಕಳನ್ನೆಲ್ಲಾ ಚಾಪೆ ಹಾಸಿ ಸಾಲಾಗಿ ಮಲಗಿಸೋರು. ಅಕ್ಕ ಸುತ್ತಿ ಬಳಸಿ ಹೋಗ್ತಿದ್ದಳೇ ಹೊರತು ಒಂದು ಮಗೂನ್ನೂ ದಾಟಿದವಳಲ್ಲ. ಅದೊಂದನ್ನ ಮರೆತಿಲ್ಲ ಸ್ವಾಮಿ. ಗಂಡನ ಮುಖ ಮರೆತಿದ್ದಾಳೆ, ನನ್ನ ಹೆಸರು ಮರೆತಿದ್ದಾಳೆ, ಅದನ್ನ ಮರೆತಿಲ್ಲ. ಅದಕ್ಕೇ ಗೋಡೆಯಿಂದ ಗೋಡೆಗೆ ಅಡ್ಡ ಮಲಗ್ತೀನಿ. ಬರ್ತಾಳೆ, ನಿಲ್ತಾಳೆ, ನೋಡ್ತಾಳೆ, ವಾಪಸ್ಸು ಹೋಗ್ತಾಳೆ."

"ಅಷ್ಟೇ ತಾನೇ? ನಿದ್ದೆಗೇನು ಅಡ್ಡಿ?" ಎಂದೆ.

"ಎಚ್ಚರ ಇದ್ರೆ ಏಳಪ್ಪ, ದಾರಿ ಬಿಡು ಅಂತಾಳೆ. ನಿದ್ದೆ ಮಾಡೋ ಹಾಗೇ ಇರಬೇಕು. ನಿಜವಾಗಿ ನಿದ್ದೆ ಹೋದ್ರೆ, ಅಕಸ್ಮಾತ್ ಆ ನಿಯಮಾನೂ ಅವಳಿಗೆ ಮರೆತುಹೋದ ದಿನ ನನಗೆ ತಿಳಿಯೋದು ಹೇಗೆ?" ಅವರು ತಮ್ಮ ಎಂದಿನ ಅಧಿಕೃತ ನಗೆ ನಕ್ಕರು. "ಅವಳ ಮುಂದೆ ನಟಿಸೋದು ಸುಲಭ ಅಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿದ ಮಗು ಎಚ್ಚರವಾಗಿದೆ ಅಂತ ಕಂಡುಹಿಡಿಯೋಳು ಅವಳು. ರೆಪ್ಪೆ ಸಡಿಲ ಬಿಡಬೇಕು, ಉಸಿರು ಒಂದೇ ಸಮ ಇರಬೇಕು. ಅಭ್ಯಾಸ ಬೇಕು."

ನಾನೂ ಬಸವರಾಜುವೂ ಸಂದಿನ ತುದಿಯಿಂದ ನಡೆದೆವು. ಬಹಳ ದೂರ ಹೋದ ಮೇಲೆ ಅವನು, "ಬಟಾಣಿ ಬುಡುಸ್ಬುಟ್ವಲ್ಲ ಸಾ ಅವ್ರಿಗೆ" ಎಂದ.

ಅಕ್ಕ ಹೆಚ್ಚು ಕಾಲ ಇರಲಿಲ್ಲ. ಒಂದು ಮಳೆಗಾಲದ ಜ್ವರದಲ್ಲಿ ನಾವು ಕೊಟ್ಟ ಮಂಚದ ಮೇಲೆಯೇ ತೀರಿಕೊಂಡರು. ವೈಕುಂಠ ಸಮಾರಾಧನೆಯ ಎಲೆಯ ಮುಂದೆ ಕುಳಿತ ನಾವು ಬಾಯಲ್ಲಿ ಅನ್ನದೆಯೂ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬಸವರಾಜು ಬಾಯಲ್ಲೇ ಅಂದ: "ಇನ್ನಾದ್ರೂ ಮಂಚದ ಮ್ಯಾಲೆ ಮಲ್ಗಿ ಸಾ. ಬೆನ್ನಿಗೂ ರಿಟೈರ್‌ಮೆಂಟ್ ಕೊಡಿ." ಅವರು ಹೂಂ ಎಂದರು.

ನೋವು ಹೋಗಲಿಲ್ಲ. ಹೆಚ್ಚಾಯಿತು. ಬೆನ್ನಿನಲ್ಲಿದ್ದದ್ದು ಭುಜಕ್ಕೆ ಹತ್ತಿತು, ತೊಡೆಗೆ ಇಳಿಯಿತು. ನಾನು ಲಕ್ಷ್ಮೀಪುರಂನವನು, ಚಾಮರಾಜಪುರಂಗೆ ನಡೆದೇ ಹೋಗುವಷ್ಟು ದೂರ. ಹೋದಾಗಲೆಲ್ಲ ಚಾಪೆ ಅದೇ ನಡೆಯಲ್ಲಿ ಸುರುಳಿಯಾಗಿ ಇರುತ್ತಿತ್ತು, ಮಂಚದ ಮೇಲೆ ಧೂಳು. ಕೊನೆಗೆ ಬಲವಂತ ಮಾಡಿ ದೊಡ್ಡ ಆಸ್ಪತ್ರೆಯೊಂದರ ನೋವಿನ ವಿಭಾಗಕ್ಕೆ ಕರೆದುಕೊಂಡು ಹೋದೆ. ನೋವಿಗೇ ಒಂದು ಪ್ರತ್ಯೇಕ ವಿಭಾಗವಿದೆಯೆಂದು ತಿಳಿದು ಅವರಿಗೆ ತುಂಬ ಗೌರವ ಹುಟ್ಟಿತು. "ಹೆಡ್ ಆಫೀಸು" ಎಂದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚಿತ್ರಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟು ಕೇಳಿದರು: "ಅಂಕಲ್, ನಿದ್ದೆ ಹೇಗೆ?"

"ಚೆನ್ನಾಗಿ ಮಲಗ್ತೀನಿ ತಾಯಿ."

"ಮಲಗ್ತಾರೆ ಡಾಕ್ಟರೇ" ಎಂದೆ ನಾನು. ಸಿಬ್ಬಂದಿ ಶಾಖೆಯವನಿಗೆ ಹಾಜರಾತಿಗೂ ಕೆಲಸಕ್ಕೂ ಇರುವ ವ್ಯತ್ಯಾಸ ಗೊತ್ತು. "ನಿದ್ದೆ ಮಾಡಲ್ಲ."

ಆಕೆ ನಿಧಾನವಾಗಿ ವಿವರಿಸಿದರು. ನೋವಿದ್ದರೆ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟ ಮೈಗೆ ಅದೇ ನೋವು ಇನ್ನೂ ದೊಡ್ಡದಾಗಿ ಕೇಳಿಸುತ್ತದೆ. ಮನಸ್ಸಿನಲ್ಲಿ ದಿಗಿಲು, ದುಃಖ, ಕಾವಲು ಇದ್ದರೆ ಮೈ ಬಿಗಿಯಾಗಿಯೇ ಇರುತ್ತದೆ, ಅದು ಎರಡನ್ನೂ ಕೆಡಿಸುತ್ತದೆ. ಮೂರೂ ಒಂದನ್ನೊಂದು ಹಿಡಿದುಕೊಂಡು ಸುತ್ತುತ್ತಿರುತ್ತವೆ. ಔಷಧ ಒಂದಕ್ಕೇ ಕೊಟ್ಟರೆ ಸಾಲದು.

"ಹಾಗಾದ್ರೆ ನೋವು ಸುಳ್ಳು ಅಂತಲಾ?" ಎಂದರು ಅವರು.

"ಖಂಡಿತ ಅಲ್ಲ ಅಂಕಲ್. ನೋವು ನಿಜಾನೇ. ಬೆನ್ನಲ್ಲಿ ಮಾತ್ರ ಇಲ್ಲ, ಅಷ್ಟೇ."

ಅವರು ಕೈಮುಗಿದರು. ತಮಾಷೆಗಲ್ಲ. ಹೊರಗೆ ಬಂದ ಮೇಲೆ, "ಎಷ್ಟು ವರ್ಷಕ್ಕೆ ನಿಜ ಅಂತ ರುಜು ಸಿಕ್ಕಿತು ನೋಡಿ" ಎಂದರು.

ಆಮೇಲೆ ಆ ಚಿಕಿತ್ಸೆಯನ್ನು ಅವರು ಸರ್ಕಾರದ ಸುತ್ತೋಲೆಯಂತೆ ಪಾಲಿಸಿದರು. ಮಧ್ಯಾಹ್ನದ ಮೇಲೆ ಕಾಫಿ ನಿಂತಿತು. ಮಲಗುವ ಹೊತ್ತು, ಏಳುವ ಹೊತ್ತು ಒಂದೇ. ಬೆಳಿಗ್ಗೆ ನಡಿಗೆ, ಹೇಳಿಕೊಟ್ಟ ವ್ಯಾಯಾಮ. ಆಗಾಗ ಹೋಗಿ ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಮಾತಾಡಿ ಬರುವುದು. ಒಂದೇ ಸಲಕ್ಕೆ ಮಂಚ ಹತ್ತುವುದು ಆಗದಿದ್ದರೆ ಚಾಪೆಯನ್ನು ಬಾಗಿಲಿಂದ ಸ್ವಲ್ಪ ಸ್ವಲ್ಪವೇ ಒಳಗೆ ಸರಿಸಿಕೊಳ್ಳಿ ಎಂದಿದ್ದರಂತೆ. ಸರಿಸಿದರು, ನಮ್ಮ ಕಚೇರಿಯ ಕಡತ ಸರಿಯುತ್ತಿದ್ದ ವೇಗದಲ್ಲಿ. ದೀಪಾವಳಿಯ ಹೊತ್ತಿಗೆ ಚಾಪೆ ಕೋಣೆ ಸೇರಿತು, ಸಂಕ್ರಾಂತಿಯ ಹೊತ್ತಿಗೆ ಅವರು ಮಂಚದ ಮೇಲಿದ್ದರು. ಭುಜದ ನೋವು ಇಳಿಯಿತು. ಕಣ್ಣಿನ ಕೆಂಪು ಹೋಯಿತು. ಬಸವರಾಜು ಮೊಮ್ಮಗಳ ನಾಮಕರಣಕ್ಕೆ ಕರೆದಾಗ ಸಂಜೆ ದೀಪ ಹಚ್ಚಿದ ಮೇಲೂ ಕುಳಿತಿದ್ದು, ಹೋಳಿಗೆ ಹಾಕಿಸಿಕೊಂಡು ತಿಂದರು. ನಾವೆಲ್ಲ ಆ ಹೋಳಿಗೆಯನ್ನು ಬೆರಗಿನಿಂದ ನೋಡಿದೆವು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ನಡೆದೇ ಬಂದಿದ್ದರು, ನೆಟ್ಟಗೆ. ಜಗಲಿಯ ಮೇಲೆ ಕುಳಿತರು. ಅವರು ಕುಳಿತದ್ದನ್ನು ನೋಡುವುದೇ ನನಗೊಂದು ಸಂಭ್ರಮ.

"ಹೇಗಿದೆ ಅದು?" ಎಂದೆ.

"ಮುಕ್ಕಾಲು ಪಾಲು ಹೋಗಿದೆ."

"ನಿದ್ದೆ?"

"ಬರುತ್ತೆ." ಅಂಗಳದಲ್ಲಿ ಬಿದ್ದ ಹೊಂಗೆಯ ಹೂಗಳನ್ನು ನೋಡುತ್ತ ಕುಳಿತರು. "ನಿದ್ದೆ ಬರುತ್ತೆ ಸ್ವಾಮಿ. ಅವಳು ಬರಲ್ಲ."

ನನಗೆ ತಿಳಿಯಲಿಲ್ಲ. ಅವರೇ ಹೇಳಿದರು. "ಹೋದ ಮೇಲೂ ಬರ್ತಿದ್ದಳು. ಡಾಕ್ಟರಿಗೆ ಹೇಳಲಿಲ್ಲ. ಚಾಪೆ ಮೇಲೆ ಕಣ್ಣು ಮುಚ್ಚಿಕೊಂಡಿದ್ದರೆ ತಲೆ ಹತ್ತಿರ ಬಂದು ನಿಲ್ಲೋಳು. ಮಾತಿಲ್ಲ, ಏನಿಲ್ಲ. ಮೊದಲೂ ಅಷ್ಟೇ ತಾನೇ, ಏನೂ ಅಂತಿರಲಿಲ್ಲ. ನಿಂತಿದ್ದು, ಬಗ್ಗಿ, ಹೊದಿಕೆಯನ್ನ ಕತ್ತಿನ ತನಕ ಎಳೆದು ಹೊದಿಸಿ ಹೋಗೋಳು. ಶಿಶುವಿಹಾರದಲ್ಲಿ ಮಕ್ಕಳಿಗೆ ಮಾಡ್ತಿದ್ದ ಹಾಗೆ. ಹೆಸರು ಮರೆತಿದ್ದರೂ ಅದನ್ನ ಮಾಡ್ತಿದ್ದಳು. ಒಂದು ದಿನಾನೂ ತಪ್ಪಿಸಲಿಲ್ಲ. ಚಾಪೆ ಸರಿಸುತ್ತಾ ಬಂದ ಹಾಗೆಲ್ಲಾ ಕಮ್ಮಿಯಾಯಿತು. ಮಂಚದ ಮೇಲೆ ಮಲಗಿದ ಮೇಲೆ ಬಂದೇ ಇಲ್ಲ."

ನಾನು ನನ್ನ ಕರ್ತವ್ಯ ಮಾಡಿದೆ. ನಿದ್ದೆಗೆಟ್ಟವರಿಗೆ ಇಂಥದ್ದೆಲ್ಲ ಕೇಳಿಸುತ್ತದೆ, ಕಾಣಿಸುತ್ತದೆ ಎಂದೆ. ಈಗ ಮೈ ಸರಿಹೋಗುತ್ತಿದೆ, ಅದಕ್ಕೇ ನಿಂತಿದೆ ಎಂದೆ. ಅದು ಭ್ರಮೆ ಎಂದೆ.

"ಇರಬಹುದು" ಎಂದರು, ಬಹಳ ವಿನಯದಿಂದ, ಮೇಲಧಿಕಾರಿಯ ತಪ್ಪು ಟಿಪ್ಪಣಿಯನ್ನು ಒಪ್ಪಿಕೊಳ್ಳುವ ಹಾಗೆ. "ಭ್ರಮೆಯಾದರೂ ಅಕ್ಕ ಅಲ್ಲವಾ?"

"ಮತ್ತೆ ನೆಲದ ಮೇಲೆ ಮಲಗಿ ಬೆನ್ನು ಹಾಳು ಮಾಡ್ಕೊಳ್ಳಬೇಡಿ. ನನ್ನ ಮೇಲೆ ಆಣೆ."

"ಆಣೆ ಎಲ್ಲಾ ಯಾಕೆ?" ಎಂದು ಎದ್ದರು. "ಇನ್ನೊಂದು ಯೋಚನೆ ಇದೆ ನನಗೆ. ಅಷ್ಟು ವರ್ಷ ಅಡ್ಡ ಮಲಗಿ ತಡೆದೆನಲ್ಲ. ಈಗ ದಾರಿ ಬಿಟ್ಟಿದ್ದೀನಿ. ಹೊರಟುಹೋಗಿ ಸ್ಟೇಷನ್ನಿನಲ್ಲಿ ಕೂತಿದ್ದಾಳೋ ಏನೋ. ಆ ಬೆಂಚಿನ ಮೇಲೆ. ಒಬ್ಬಳೇ." ಗೇಟಿನ ಹತ್ತಿರ ತಿರುಗಿ ನಿಂತು, "ಕಾಫಿ ಕೊಡಲಿಲ್ಲ ನೀವು ಇವತ್ತು" ಎಂದರು. ನಿಜ, ಮರೆತಿದ್ದೆ. ಕರೆದರೆ ನಿಲ್ಲಲಿಲ್ಲ.

ನಾಲ್ಕಾರು ದಿನ ಬಿಟ್ಟು ಮಾರ್ಕೆಟ್ಟಿನಿಂದ ಒಂದು ಚಿಪ್ಪು ರಸಬಾಳೆ ಹಿಡಿದು ಅವರ ಮನೆಗೆ ಹೋದೆ. ಮಧ್ಯಾಹ್ನ ಇಳಿಯುವ ಹೊತ್ತು. ಸೆಕೆಗೆ ಸಂದಿನ ನಾಯಿಗಳೂ ನೆರಳು ಹುಡುಕಿ ಬಿದ್ದುಕೊಂಡಿದ್ದವು. ಮುಂಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ನಡೆಯಲ್ಲಿ, ಹೊಸ್ತಿಲಿನಿಂದ ಒಂದು ಮಾರು ದೂರದಲ್ಲಿ, ಗೋಡೆಯಿಂದ ಗೋಡೆಗೆ ಅವರು ಅಡ್ಡ ಮಲಗಿದ್ದರು.

ಕರೆಯಬೇಕೆಂದುಕೊಂಡೆ. ಬೈಯಬೇಕೆಂದೂ ಅಂದುಕೊಂಡೆ. ಮುಖ ನೋಡಿ ಸುಮ್ಮನಾದೆ. ರೆಪ್ಪೆ ಸಡಿಲವಾಗಿತ್ತು. ಉಸಿರು ಒಂದೇ ಸಮ. ತುಟಿ ತುಸು ತೆರೆದಿತ್ತು. ಹಣೆಯ ಮೇಲೆ ಸದಾ ಇರುತ್ತಿದ್ದ ಎರಡು ಗೆರೆಗಳು ಇರಲಿಲ್ಲ. ಹೊದಿಕೆ ಜಾರಿ ಸೊಂಟದ ಕೆಳಗೆ ಬಿದ್ದಿತ್ತು. ಅದು ನಿಜವಾದ ನಿದ್ದೆಯೋ, ಅಷ್ಟು ವರ್ಷಗಳ ಅಭ್ಯಾಸವೋ, ಹೇಳಲು ನನಗೆ ಸಾಧ್ಯವಾಗಲಿಲ್ಲ. ಅವರ ಅಕ್ಕನಾಗಿದ್ದರೆ ಹೇಳುತ್ತಿದ್ದರು.

ದಾಟಿ ಒಳಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ, ಅವರ ತಲೆಯ ಹತ್ತಿರ ಸದ್ದಾಗದಂತೆ ಹಣ್ಣು ಇಡೋಣವೆಂದು. ಆ ನೆಲದ ತಣ್ಣಗಿನ ಕೊರೆತ ಅಂಗಾಲಿಗೆ ಹತ್ತಿತು. ಅಲ್ಲಿ ಎಷ್ಟು ಹೊತ್ತು ನಿಂತೆನೋ ತಿಳಿಯದು. ಹಣ್ಣಿಡಲು ಬಗ್ಗಿದಾಗ, ಕಣ್ಣು ತೆರೆಯದೆ, ಶಿಶುವಿಹಾರದ ಮಗುವಿನಷ್ಟು ತೆಳ್ಳಗಿನ ದನಿಯಲ್ಲಿ ಅವರು ಹೇಳಿದರು:

"ಹೊದಿಸಬೇಡ ಕಣಕ್ಕ. ಸೆಕೆ."

ನಾನು ಏನೂ ಹೇಳಲಿಲ್ಲ. ಆಕೆಯೂ ಏನೂ ಹೇಳುತ್ತಿರಲಿಲ್ಲವಂತೆ. ಹೊದಿಕೆಯನ್ನು ಕತ್ತಿನವರೆಗೆ ಎಳೆದು, ಬಂದ ದಾರಿಯಲ್ಲೇ ಹೊರಗೆ ಬಂದೆ.